ಮುಖ ಸೊಟ್ಟಗಾಗುವುದು ರಕ್ತದ ಕ್ಯಾನ್ಸರ್‌ನ ಗುರುತಾಗಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಲು ಹೋದರೆ ನೀರು ತುಟಿಯ ಒಂದು ಮೂಲೆಯಿಂದ ಸೋರುತ್ತದೆ. ಕನ್ನಡಿ ನೋಡಿಕೊಂಡರೆ ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ಒಂದು ಕಣ್ಣು ಪೂರ್ತಿ ಮುಚ್ಚುತ್ತಿಲ್ಲ. ಮುಖದ ಪಾರ್ಶ್ವವಾಯು ಹೆಚ್ಚಾಗಿ ಗೊತ್ತಾಗುವುದೇ ಹೀಗೆ. ಮಕ್ಕಳಲ್ಲಾದರೆ ಅದನ್ನು ಮೊದಲು ನೋಡುವವರು ಮನೆಯವರು: ಮಗು ನಕ್ಕಾಗ ಅರ್ಧ ಮುಖ ಮಾತ್ರ ನಗುತ್ತದೆ, ಮಲಗಿದಾಗ ಒಂದು ರೆಪ್ಪೆಯ ಕೆಳಗೆ ಬಿಳಿಗುಡ್ಡೆ ಕಾಣುತ್ತಿರುತ್ತದೆ. ತೀರಾ ಅಪರೂಪಕ್ಕೆ ಇದರ ಹಿಂದೆ ರಕ್ತದ ಕ್ಯಾನ್ಸರ್ ಇರುವುದುಂಟು. ಆ ಅಪರೂಪದ ಬಗ್ಗೆ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದಿದ್ದರೆ ಸ್ಟೀರಾಯ್ಡ್ ಮಾತ್ರೆಯ ಪ್ರಶ್ನೆಯೊಂದನ್ನಾದರೂ ಓದಿ.

ಬಾಯಿ ಸೊಟ್ಟಗಾಯಿತು ಅಂದರೆ ಬ್ಲಡ್ ಕ್ಯಾನ್ಸರ್ ಅಂತ ಹೆದರಬೇಕಾ?

ಬೇಡ. ಹೀಗಾದವರಲ್ಲಿ ಬಹಳಷ್ಟು ಜನಕ್ಕೆ ಇರುವುದು ಬೆಲ್ಸ್ ಪಾಲ್ಸಿ. ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 15ರಿಂದ 30 ಮಂದಿಗೆ ಅದು ಬರುತ್ತದೆ. 1821ರಲ್ಲಿ ಮುಖದ ನರದ ಬಗ್ಗೆ ಬರೆದ ಸ್ಕಾಟ್ಲೆಂಡಿನ ಸರ್ಜನ್ ಚಾರ್ಲ್ಸ್ ಬೆಲ್ ಅವರ ಹೆಸರೇ ಅದಕ್ಕೆ ಬಂದಿದೆ. ಏನೂ ಔಷಧಿ ಕೊಡದಿದ್ದರೂ ಹತ್ತರಲ್ಲಿ ಏಳು ಮಂದಿಗೆ ಪೂರ್ತಿ ವಾಸಿಯಾಗುತ್ತದೆ.

ಆದರೆ ಬೆಲ್ಸ್ ಪಾಲ್ಸಿ ಅನ್ನುವುದು ಬೇರೆ ಕಾರಣ ಸಿಗದೇ ಇದ್ದಾಗ ಕೊಡುವ ಹೆಸರು. ಬೇರೆ ಕಾರಣ ಹುಡುಕದೇ ಆ ಹೆಸರು ಕೊಟ್ಟುಬಿಟ್ಟರೆ ಮಾತ್ರ ತೊಂದರೆ. ಲ್ಯುಕೇಮಿಯಾ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್, ತಪ್ಪಿಹೋಗುವುದು ಅಲ್ಲೇ.

ರಕ್ತದ ಕಾಯಿಲೆಗೂ ಮುಖದ ನರಕ್ಕೂ ಏನು ಸಂಬಂಧ?

ಮೆದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಏಳನೆಯದು ಮುಖದ ನರ. ಎಡಕ್ಕೊಂದು, ಬಲಕ್ಕೊಂದು. ಹುಬ್ಬು ಏರಿಸುವುದು, ಕಣ್ಣು ಮುಚ್ಚುವುದು, ನಗುವುದು, ಶಿಳ್ಳೆ ಹಾಕುವುದು ಎಲ್ಲ ಇದರದ್ದೇ ಕೆಲಸ. ನಾಲಿಗೆಯ ಮುಂಭಾಗದ ರುಚಿಯೂ ಇದರ ಮೂಲಕವೇ ಹೋಗುತ್ತದೆ. ಕಿವಿಯೊಳಗಿನ ಒಂದು ಪುಟಾಣಿ ಸ್ನಾಯುವನ್ನೂ ಇದೇ ಹಿಡಿದಿಟ್ಟುಕೊಂಡಿರುತ್ತದೆ. ಅದಕ್ಕೇ ಕೆಲವರಿಗೆ ಮುಖ ಸೊಟ್ಟಗಾದಾಗ ಆ ಕಡೆಯ ಕಿವಿಗೆ ತಟ್ಟೆ ಲೋಟದ ಸದ್ದೂ ಸಹಿಸಲಾರದಷ್ಟು ಜೋರಾಗಿ ಕೇಳುತ್ತದೆ.

ಈ ನರದ ದಾರಿಯೇ ಅದಕ್ಕೆ ಮುಳುವು. ಕಿವಿಯ ಹಿಂದಿನ ಮೂಳೆಯೊಳಗೆ ಸುಮಾರು 3 ಸೆಂಟಿಮೀಟರ್ ಉದ್ದದ ಸಣ್ಣ ಕೊಳವೆಯಲ್ಲಿ ಅದು ತೂರಿ ಬರಬೇಕು. ಅತಿ ಇಕ್ಕಟ್ಟಾದ ಜಾಗದಲ್ಲಿ ಆ ಕೊಳವೆಯ ಅಗಲ 1 ಮಿಲಿಮೀಟರ್ ಕೂಡ ಇರುವುದಿಲ್ಲ. ಸುತ್ತಲೂ ಗಟ್ಟಿ ಮೂಳೆ. ನರ ಸ್ವಲ್ಪ ಊದಿಕೊಂಡರೂ, ಪಕ್ಕದಲ್ಲಿ ಏನಾದರೂ ಬಂದು ಕೂತರೂ ಸರಿದುಕೊಳ್ಳಲು ಜಾಗವಿಲ್ಲ.

ಲ್ಯುಕೇಮಿಯಾ ಶುರುವಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಬೆಳೆಯದ, ಕೆಲಸಕ್ಕೆ ಬಾರದ ಬಿಳಿ ರಕ್ತಕಣಗಳು ಅಲ್ಲಿ ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ. ಇವುಗಳಿಗೆ ಬ್ಲಾಸ್ಟ್ ಕಣ ಅನ್ನುತ್ತಾರೆ. ರಕ್ತ ಹೋಗುವ ಕಡೆಗೆಲ್ಲ ಇವೂ ಹೋಗುತ್ತವೆ. ಕೆಲವೊಮ್ಮೆ ಮೆದುಳಿನ ಸುತ್ತಲಿನ ಪೊರೆಗೆ ನುಗ್ಗಿ ನರ ಹೊರಡುವ ಜಾಗದಲ್ಲೇ ಅದನ್ನು ಮುತ್ತಿಕೊಳ್ಳುತ್ತವೆ. ಕೆಲವೊಮ್ಮೆ ಕಿವಿಯ ಹಿಂದಿನ ಮೂಳೆಯಲ್ಲಿ ತುಂಬಿಕೊಂಡು ಕೊಳವೆಯನ್ನು ಹಿಂಡುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗಿ ಅಲ್ಲಿ ರಕ್ತ ಸೋರಬಹುದು. ಸೋಂಕು ತಡೆಯುವ ಕಣಗಳು ಕಡಿಮೆಯಾಗಿ ಕಿವಿಗೆ ಕೆಟ್ಟ ಸೋಂಕು ಹತ್ತಬಹುದು. ದಾರಿ ಯಾವುದಾದರೂ ಇರಲಿ, ಹೊರಗೆ ಕಾಣುವುದು ಒಂದೇ: ಸೊಟ್ಟ ಬಾಯಿ.

ತಣ್ಣನೆ ಗಾಳಿ ಬಡಿದು ಹೀಗಾಯಿತು ಅಂತಾರೆ, ನಿಜವಾ?

ಗಾಳಿಗೆ ಮುಖ ಒಡ್ಡಿ ಮಲಗಿದ್ದು ಎಲ್ಲರಿಗೂ ನೆನಪಿರುತ್ತದೆ, ಏಕೆಂದರೆ ಎದ್ದಾಗಲೇ ಮುಖ ಹೀಗಾಗಿರುವುದು ಗೊತ್ತಾಗಿದ್ದು. ಕಾರಣ ಸಿಕ್ಕಿತು ಅಂತ ಸಮಾಧಾನವಾಗುತ್ತದೆ, ಆಮೇಲೆ ಯಾರೂ ಮುಂದಕ್ಕೆ ಹುಡುಕುವುದಿಲ್ಲ. ಈ ಸಮಾಧಾನದ ಬಗ್ಗೆ ನನಗೆ ತಕರಾರಿದೆ.

ಇದು ಸ್ಟ್ರೋಕ್ ಅಲ್ಲ ಅಂತ ಹೇಗೆ ತಿಳಿಯುತ್ತದೆ?

ಹಣೆ ನೋಡಬೇಕು. ಹುಬ್ಬು ಮೇಲೆತ್ತಲು ಹೇಳಿ. ನರಕ್ಕೇ ಪೆಟ್ಟಾಗಿದ್ದರೆ ಆ ಕಡೆಯ ಹಣೆಯಲ್ಲಿ ನೆರಿಗೆ ಮೂಡುವುದಿಲ್ಲ, ಅರ್ಧ ಹಣೆ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ನುಣ್ಣಗಿರುತ್ತದೆ. ಮೆದುಳಿನಲ್ಲಿ ಸ್ಟ್ರೋಕ್ ಆಗಿದ್ದರೆ ಸಾಮಾನ್ಯವಾಗಿ ಬಾಯಿ ಸೊಟ್ಟಗಾದರೂ ಹಣೆಯ ಎರಡೂ ಕಡೆ ನೆರಿಗೆ ಬೀಳುತ್ತದೆ. ಹಣೆಗೆ ಮೆದುಳಿನ ಎರಡೂ ಬದಿಯಿಂದ ಸಂದೇಶ ಬರುವುದು ಇದಕ್ಕೆ ಕಾರಣ.

ಇದು ವೈದ್ಯರಿಗೆ ಬಿಟ್ಟ ಲೆಕ್ಕಾಚಾರ. ಕೈಕಾಲು ಸೋತಿದ್ದರೆ, ಮಾತು ತೊದಲುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ ಹಣೆ ನೋಡುತ್ತಾ ಕೂರಬೇಡಿ, ಎಮರ್ಜೆನ್ಸಿಗೆ ಓಡಿ.

ಯಾವ ರೀತಿಯ ರಕ್ತದ ಕ್ಯಾನ್ಸರ್‌ನಲ್ಲಿ ಮುಖಕ್ಕೆ ಹೀಗಾಗುತ್ತದೆ?

ಹೆಚ್ಚು ವರದಿಯಾಗಿರುವುದು ಎರಡು ಬಗೆಯ ಅಕ್ಯೂಟ್, ಅಂದರೆ ಬೇಗ ಬೆಳೆಯುವ, ಲ್ಯುಕೇಮಿಯಾಗಳಲ್ಲಿ. ಒಂದು ಎಎಲ್ಎಲ್ (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ), ಮಕ್ಕಳಲ್ಲಿ ಜಾಸ್ತಿ. ಇನ್ನೊಂದು ಎಎಂಎಲ್ (ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ), ದೊಡ್ಡವರಲ್ಲಿ ಜಾಸ್ತಿ, ಮಕ್ಕಳಿಗೂ ಬರುತ್ತದೆ. ಎಎಂಎಲ್‌ನಲ್ಲಿ ಕ್ಯಾನ್ಸರ್ ಕಣಗಳು ಒಂದೆಡೆ ಗುಂಪಾಗಿ ಗಡ್ಡೆ ಕಟ್ಟುವುದುಂಟು. ಕತ್ತರಿಸಿ ನೋಡಿದರೆ ಕೆಲವೊಮ್ಮೆ ಅದು ಹಸಿರಾಗಿರುತ್ತದೆ, ಕಣದೊಳಗಿನ ಒಂದು ಕಿಣ್ವದ ಬಣ್ಣ ಅದು. ಅದಕ್ಕೇ 1853ರಿಂದ ಅದನ್ನು ಕ್ಲೋರೋಮಾ ಎಂದು ಕರೆಯುತ್ತಾ ಬಂದರು. ಗ್ರೀಕ್‌ನಲ್ಲಿ ಕ್ಲೋರೋಸ್ ಎಂದರೆ ಹಸಿರು. ಕಿವಿಯ ಹಿಂದಿನ ಮೂಳೆಯಲ್ಲಿ ಇಂಥ ಗಡ್ಡೆ ಬೆಳೆದರೆ ಮುಖದ ನರ ಸಿಕ್ಕಿಕೊಳ್ಳುತ್ತದೆ.

ಲಿಂಫೋಮಾ ಮತ್ತು ಮೈಲೋಮಾ ಎಂಬ ಬೇರೆ ಬಗೆಯ ರಕ್ತದ ಕ್ಯಾನ್ಸರ್‌ಗಳಲ್ಲೂ ಹೀಗಾದ ಉದಾಹರಣೆಗಳಿವೆ. ಲಿಂಫೋಮಾ ಕಿವಿಯ ಕೆಳಗಿನ ಜೊಲ್ಲುಗ್ರಂಥಿಯಲ್ಲಿ ಬೆಳೆಯಬಹುದು, ಮುಖದ ನರ ಆ ಗ್ರಂಥಿಯೊಳಗಿಂದಲೇ ಹಾದುಹೋಗುತ್ತದೆ.

ಮಕ್ಕಳ ವಿಷಯದಲ್ಲಿ ಯಾಕೆ ಇಷ್ಟು ಒತ್ತಿ ಹೇಳುತ್ತಾರೆ?

ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಲ್ಯುಕೇಮಿಯಾವೇ ಮೊದಲನೆಯದು. ಅದರಲ್ಲೂ ಎಎಲ್ಎಲ್ 2ರಿಂದ 5 ವರ್ಷದ ಮಕ್ಕಳಲ್ಲಿ ಹೆಚ್ಚು. ಬೆಲ್ಸ್ ಪಾಲ್ಸಿಯಾದರೋ ಚಿಕ್ಕ ಮಕ್ಕಳಲ್ಲಿ ದೊಡ್ಡವರಿಗಿಂತ ಕಡಿಮೆ. ಹಾಗಾಗಿ ಮೂರು ವರ್ಷದ ಮಗುವಿನ ಮುಖ ಸೊಟ್ಟಗಾದಾಗ ಲೆಕ್ಕವೇ ಬೇರೆ. ಆಗಲೂ ಸಾಧ್ಯತೆ ಸಣ್ಣದೇ, ಆದರೆ ತಳ್ಳಿಹಾಕುವಷ್ಟು ಸಣ್ಣದಲ್ಲ. ಇನ್ನೊಂದು ಕಷ್ಟ, ಅಷ್ಟು ಚಿಕ್ಕ ಮಗು ಮೂಳೆ ನೋಯುತ್ತಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ನಡೆಯಲು ಹಟ ಮಾಡುತ್ತದೆ, ಎತ್ತಿಕೋ ಅನ್ನುತ್ತದೆ. ನಾವು ಅದನ್ನು ಸುಮ್ನೆ ಮುದ್ದು ಅಂದುಕೊಳ್ಳುತ್ತೇವೆ.

ಏನು ಕಂಡರೆ ಅನುಮಾನ ಪಡಬೇಕು?

ಮುಖ ಬಿಟ್ಟು ಮೈಯನ್ನೆಲ್ಲ ನೋಡಬೇಕು. ಕೆಳರೆಪ್ಪೆ ಜಗ್ಗಿ ನೋಡಿದರೆ ಒಳಗೆ ಬಿಳಿಚಿಕೊಂಡಿದೆಯೇ? ಮಗು ಮೊಣಕಾಲಿಗೆ ಪೆಟ್ಟು ಮಾಡಿಕೊಳ್ಳುವುದು ಮಾಮೂಲು, ಆದರೆ ಬೆನ್ನ ಮೇಲೆ, ಹೊಟ್ಟೆಯ ಮೇಲೆ ನೀಲಿ ಕಲೆ ಮಾಮೂಲಲ್ಲ. ಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ ಅವುಗಳ ಮೇಲೆ ಗಾಜಿನ ಲೋಟ ಒತ್ತಿ ನೋಡಿ. ಸಾಮಾನ್ಯ ಗುಳ್ಳೆಯ ಕೆಂಪು ಒತ್ತಿದಾಗ ಮಾಯವಾಗುತ್ತದೆ. ಚರ್ಮದಡಿ ರಕ್ತ ಸೋರಿ ಆದ ಚುಕ್ಕೆ ಒತ್ತಿದರೂ ಹಾಗೇ ಉಳಿಯುತ್ತದೆ. ಹಾಗೆ ಉಳಿದರೆ, ಜೊತೆಗೆ ಜ್ವರವೂ ಇದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕ್ಯಾನ್ಸರ್ ಇರಲಿ ಬಿಡಲಿ, ಅದು ಬೇರೆ ಗಂಭೀರ ಸೋಂಕಿನ ಗುರುತೂ ಆಗಿರಬಹುದು.

ವಾರಗಟ್ಟಲೆ ಬಂದು ಹೋಗುವ ಜ್ವರ, ಕುತ್ತಿಗೆ ಕಂಕುಳಲ್ಲಿ ಗಂಟು, ಒಸಡು ಊದಿ ರಕ್ತ ಬರುವುದು, ಪದೇ ಪದೇ ಮೂಗಿನಲ್ಲಿ ರಕ್ತ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಹೊಟ್ಟೆ ಉಬ್ಬರ. ಇವುಗಳಲ್ಲಿ ಯಾವುದಾದರೂ ಮುಖದ ಜೊತೆ ಸೇರಿಕೊಂಡರೆ ರಕ್ತಪರೀಕ್ಷೆ ಆ ದಿನವೇ ಆಗಬೇಕು.

ಮುಖದಲ್ಲೇ ಕಾಣುವ ಸುಳಿವುಗಳೂ ಇವೆ. ಬೆಲ್ಸ್ ಪಾಲ್ಸಿ ಒಂದು ಕಡೆಗೆ ಬರುತ್ತದೆ, ಎರಡು ಮೂರು ದಿನದೊಳಗೆ ಎಷ್ಟು ಆಗಬೇಕೋ ಅಷ್ಟು ಆಗಿಬಿಡುತ್ತದೆ. ಎರಡೂ ಕಡೆ ಒಟ್ಟಿಗೆ ಸೋತರೆ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಜಾಸ್ತಿಯಾಗುತ್ತಾ ಹೋದರೆ, ಒಮ್ಮೆ ವಾಸಿಯಾಗಿ ಬೇಗನೆ ಮತ್ತೆ ಬಂದರೆ, ಜೊತೆಗೆ ಒಂದು ವಸ್ತು ಎರಡಾಗಿ ಕಂಡರೆ ಅಥವಾ ಗದ್ದ ಜೋಮು ಹಿಡಿದರೆ ಅದನ್ನು ಬೆಲ್ಸ್ ಪಾಲ್ಸಿ ಅಂದುಕೊಂಡು ಕೂರಬಾರದು.

ಡಾಕ್ಟರ್ ಸ್ಟೀರಾಯ್ಡ್ ಬರೆದುಕೊಟ್ಟಿದ್ದಾರೆ. ತೆಗೆದುಕೊಳ್ಳಬಹುದಾ?

ದೊಡ್ಡವರಿಗೆ ಬೆಲ್ಸ್ ಪಾಲ್ಸಿ ಆದಾಗ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಡುವುದು ಸರಿಯಾದ ಚಿಕಿತ್ಸೆಯೇ. 72 ಗಂಟೆಯೊಳಗೆ ಶುರು ಮಾಡಿದರೆ ಪೂರ್ತಿ ವಾಸಿಯಾಗುವವರ ಸಂಖ್ಯೆ ಹೆಚ್ಚುತ್ತದೆ. ಅದನ್ನು ಬರೆದುಕೊಟ್ಟವರು ತಪ್ಪು ಮಾಡಿದರು ಅಂತಲ್ಲ.

ಪೇಚಾಟ ಇರುವುದು ಇಲ್ಲಿ. ಇದೇ ಸ್ಟೀರಾಯ್ಡ್ ಎಎಲ್ಎಲ್ ಚಿಕಿತ್ಸೆಯ ಮುಖ್ಯ ಔಷಧಿಗಳಲ್ಲೊಂದು. ಆ ಕ್ಯಾನ್ಸರ್ ಕಣಗಳು ಅದಕ್ಕೆ ಬೇಗ ಸಾಯುತ್ತವೆ. ಲ್ಯುಕೇಮಿಯಾ ಇರುವುದು ಗೊತ್ತಿಲ್ಲದೆ ಮಗುವಿಗೆ ಒಂದು ವಾರ ಪ್ರೆಡ್ನಿಸೋಲೋನ್ ಕೊಟ್ಟರು ಅಂದುಕೊಳ್ಳಿ. ಮುಖ ಸರಿಹೋಗಬಹುದು. ಜ್ವರ ಬಿಡಬಹುದು. ಮಗು ಆಟಕ್ಕೆ ಇಳಿಯಬಹುದು. ಮನೆಯಲ್ಲಿ ಎಲ್ಲರೂ ಉಸಿರು ಬಿಡುತ್ತಾರೆ. ಒಳಗೆ ಆಗಿದ್ದೇನೆಂದರೆ, ಕಣಗಳಲ್ಲಿ ಕೆಲವು ಸತ್ತವು, ಕೆಲವು ಉಳಿದುಕೊಂಡವು. ಕೆಲವು ವಾರದ ಮೇಲೆ ಕಾಯಿಲೆ ತಿರುಗಿ ಬರುತ್ತದೆ. ಆಗ ಪರೀಕ್ಷೆ ಮಾಡಿದರೂ ಮೊದಲು ಎಷ್ಟು ಕಣಗಳಿದ್ದವು, ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ನೀರಿಗೆ ಹೋಗಿದ್ದವೇ ಇಲ್ಲವೇ ಎನ್ನುವುದು ಸರಿಯಾಗಿ ತಿಳಿಯುವುದಿಲ್ಲ. ಚಿಕಿತ್ಸೆ ಎಷ್ಟು ಜೋರಾಗಿರಬೇಕು ಅಂತ ನಿರ್ಧರಿಸುವುದೇ ಆ ಲೆಕ್ಕಗಳ ಮೇಲೆ. ಲೆಕ್ಕ ಕಳೆದುಹೋದರೆ ಎಷ್ಟೋ ಸಲ ಮಗುವಿಗೆ ಹೆಚ್ಚು ಕಠಿಣ ಚಿಕಿತ್ಸೆಯನ್ನೇ ಕೊಡಬೇಕಾಗುತ್ತದೆ.

ಇನ್ನೊಂದು ಅಪಾಯ ತಕ್ಷಣದ್ದು. ಕೋಟಿಗಟ್ಟಲೆ ಕಣಗಳು ಒಂದೇ ಸಲಕ್ಕೆ ಸತ್ತು ಒಡೆದರೆ ಒಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ಸುರಿಯುತ್ತವೆ, ಯೂರಿಕ್ ಆಮ್ಲ ಏರುತ್ತದೆ. ಕಿಡ್ನಿ ಕೆಟ್ಟು ಹೃದಯದ ಬಡಿತ ಏರುಪೇರಾಗಬಹುದು. ಆಸ್ಪತ್ರೆಯಲ್ಲಿ ಇದಕ್ಕೆ ಮೊದಲೇ ಡ್ರಿಪ್ ಹಾಕಿ, ಔಷಧಿ ಕೊಟ್ಟು ಸಿದ್ಧವಾಗಿರುತ್ತಾರೆ. ಮನೆಯಲ್ಲಿ ಮಾತ್ರೆ ನುಂಗಿದ ಮಗುವಿಗೆ ಆ ತಯಾರಿ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮಗುವಿಗೆ ಮೊದಲ ಸ್ಟೀರಾಯ್ಡ್ ಮಾತ್ರೆ ಕೊಡುವ ಮೊದಲು ರಕ್ತ ಪರೀಕ್ಷೆ. ಸಿಬಿಸಿ ಅಂದರೆ ರಕ್ತಕಣಗಳ ಎಣಿಕೆ, ಜೊತೆಗೆ ರಕ್ತದ ಸ್ಮಿಯರ್ ಅಂದರೆ ಕಣಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಸಿಬಿಸಿ ಎಲ್ಲ ಲ್ಯಾಬ್‌ಗಳಲ್ಲೂ ಆಗುವ ಪರೀಕ್ಷೆ. 72 ಗಂಟೆಯ ಗಡುವು ಮೀರುವುದೂ ಇಲ್ಲ, ಅದೇ ದಿನ ಉತ್ತರ ಸಿಗುತ್ತದೆ. ಅಲ್ಲದೆ ಮಕ್ಕಳಲ್ಲಿ ಸ್ಟೀರಾಯ್ಡ್‌ಗೆ ಅಷ್ಟು ಅವಸರವೂ ಇಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ತಿಂಗಳ ಹೊತ್ತಿಗೆ ಪ್ರೆಡ್ನಿಸೋಲೋನ್ ಕೊಟ್ಟ ಮಕ್ಕಳಿಗೂ ಕೊಡದ ಮಕ್ಕಳಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನ ಬಹುತೇಕ ಮಕ್ಕಳು ಆರು ತಿಂಗಳಲ್ಲಿ ವಾಸಿಯಾದರು.

ಈಗಾಗಲೇ ಮಾತ್ರೆ ಶುರು ಮಾಡಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರಿಗೆ ಫೋನ್ ಮಾಡಿ ರಕ್ತ ಪರೀಕ್ಷೆ ಬೇಕಾ ಅಂತ ಕೇಳಿ. ಎಷ್ಟು ದಿನ, ಎಷ್ಟು ಮಿಲಿಗ್ರಾಂ ಕೊಟ್ಟಿದ್ದೀರಿ ಅಂತ ಬರೆದಿಟ್ಟುಕೊಳ್ಳಿ.

ಸ್ಮಿಯರ್ ಅಂದರೇನು? ಸಿಬಿಸಿ ಒಂದೇ ಸಾಲದಾ?

ಸಿಬಿಸಿಯಲ್ಲಿ ಮೆಷಿನ್ ಕಣಗಳನ್ನು ಎಣಿಸುತ್ತದೆ. ದೊಡ್ಡವರಲ್ಲಿ ಬಿಳಿ ಕಣ ಒಂದು ಮೈಕ್ರೋಲೀಟರ್‌ಗೆ ಸುಮಾರು 4,000ದಿಂದ 11,000 ಇರಬೇಕು, ಪ್ಲೇಟ್‌ಲೆಟ್ 1.5 ಲಕ್ಷದಿಂದ 4.5 ಲಕ್ಷ. ಚಿಕ್ಕ ಮಕ್ಕಳಲ್ಲಿ ಬಿಳಿ ಕಣ ಸಹಜವಾಗಿಯೇ ಸ್ವಲ್ಪ ಹೆಚ್ಚು. ಲ್ಯುಕೇಮಿಯಾ ಅಂದರೆ ಬಿಳಿ ಕಣ ಏರಲೇಬೇಕು ಅಂತ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಏರಿರಬಹುದು, ಇಳಿದಿರಬಹುದು, ಸರಿಯಾಗಿಯೂ ಇರಬಹುದು. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಬಿಳಿ ಕಣ ಈ ಮೂರರಲ್ಲಿ ಎರಡು ಕೆಟ್ಟಿದ್ದರೆ ಅನುಮಾನ ಗಟ್ಟಿ.

ಸ್ಮಿಯರ್‌ನಲ್ಲಿ ಮನುಷ್ಯರು ನೋಡುತ್ತಾರೆ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿಯ ಅಂಚಿನಿಂದ ತೆಳ್ಳಗೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಾರೆ. ಗುಲಾಬಿ ಬಣ್ಣದ ಕೆಂಪು ಕಣಗಳ ನಡುವೆ ದಪ್ಪನೆಯ ನೇರಳೆ ಕಣಗಳು ಕಂಡರೆ, ಒಳಗಿನ ಬೀಜವೇ ಕಣದ ತುಂಬ ಹರಡಿ ಸುತ್ತ ಸಣ್ಣ ಅಂಚು ಮಾತ್ರ ಉಳಿದಿದ್ದರೆ, ಅದು ಬ್ಲಾಸ್ಟ್ ಇರಬಹುದು. ಮೆಷಿನ್ ಕೆಲವೊಮ್ಮೆ ಇವನ್ನು ಸಾಮಾನ್ಯ ಲಿಂಫೋಸೈಟ್ (ಒಂದು ಬಗೆಯ ಬಿಳಿ ಕಣ) ಅಂತ ಎಣಿಸಿಬಿಡುತ್ತದೆ. ಅದಕ್ಕೇ ರಿಪೋರ್ಟಿನಲ್ಲಿ ಸಂಖ್ಯೆ ಚೆನ್ನಾಗಿದೆ ಅಂತ ಸ್ಮಿಯರ್ ಬಿಡಬಾರದು.

ರಕ್ತ ಪರೀಕ್ಷೆ ಪೂರ್ತಿ ಸರಿ ಬಂತು. ಇನ್ನು ನಿಶ್ಚಿಂತೆನಾ?

ಬಹುಮಟ್ಟಿಗೆ ಹೌದು. ಆದರೆ ರಕ್ತದಲ್ಲಿ ಏನೂ ಕಾಣದೆ ಒಂದು ಜಾಗದಲ್ಲಿ ಮಾತ್ರ ಗಡ್ಡೆ ಕಟ್ಟಿಕೊಂಡ ಉದಾಹರಣೆಗಳಿವೆ. ಮೂರು ವಾರವಾದರೂ ಮುಖ ಒಂದಿಷ್ಟೂ ಅಲ್ಲಾಡದಿದ್ದರೆ ವೈದ್ಯರಿಗೆ ಮತ್ತೆ ತೋರಿಸಿ, ಮೂರು ತಿಂಗಳಾದರೂ ಪೂರ್ತಿ ಸರಿಯಾಗದಿದ್ದರೆ ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ನೋಡಬೇಕು.

ಕಿವಿಯ ಸೋಂಕು ಅಂದಿದ್ದಾರೆ. ಅದೂ ಲ್ಯುಕೇಮಿಯಾ ಆಗಿರಬಹುದಾ?

ಕಿವಿ ಸೋರುವುದು, ಕಿವಿಯ ಹಿಂದೆ ಊತ, ನೋವು, ಮುಖ ಸೊಟ್ಟಗಾಗುವುದು. ಇವೆಲ್ಲ ಸೇರಿದರೆ ಯಾರಿಗಾದರೂ ಮೊದಲು ಹೊಳೆಯುವುದು ಕಿವಿಯ ಹಿಂದಿನ ಮಾಸ್ಟಾಯ್ಡ್ ಮೂಳೆಯ ಸೋಂಕು, ಹೆಚ್ಚಾಗಿ ಅದೇ ಇರುತ್ತದೆ. ಆದರೆ ಆ ಮೂಳೆಯಲ್ಲಿ ಲ್ಯುಕೇಮಿಯಾ ಕಣ ತುಂಬಿದಾಗಲೂ ಚಿತ್ರ ಥೇಟ್ ಹೀಗೇ ಇರುತ್ತದೆ. ಸ್ಕ್ಯಾನ್‌ನಲ್ಲೂ ಎರಡೂ ಒಂದೇ ತರಹ ಕಾಣಬಹುದು. ಆ್ಯಂಟಿಬಯಾಟಿಕ್‌ಗೆ ಜಗ್ಗದಿದ್ದರೆ ಅಥವಾ ಕಿವಿಗೆ ಆಪರೇಷನ್ ಮಾಡಿದರೆ, ಅಲ್ಲಿಂದ ತೆಗೆದ ತುಣುಕನ್ನು ಎಸೆಯದೆ ಪರೀಕ್ಷೆಗೆ ಕಳಿಸಿದ್ದಾರಾ ಅಂತ ಕೇಳಿ.

ಅನುಮಾನ ಬಂದರೆ ಮುಂದೆ ಯಾವ ಪರೀಕ್ಷೆಗಳು?

ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡುವುದು ಮುಖ್ಯ. ಯಾವ ಬಗೆಯ ಲ್ಯುಕೇಮಿಯಾ ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಮೆದುಳು ಮತ್ತು ಕಿವಿಯ ಮೂಳೆಗೆ ಕಾಂಟ್ರಾಸ್ಟ್ ಹಾಕಿ ಎಂಆರ್‌ಐ ಮಾಡುತ್ತಾರೆ. ಬೆನ್ನಿನಿಂದ ನೀರು ತೆಗೆದು ಅದರಲ್ಲಿ ಬ್ಲಾಸ್ಟ್ ಕಣ ಹುಡುಕುತ್ತಾರೆ. ಈ ಕೊನೆಯದನ್ನು ಅನುಭವಿಗಳೇ ಮಾಡಬೇಕು, ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಮೊದಲು ಅದನ್ನು ಏರಿಸಿಕೊಂಡು. ಸೂಜಿ ಚುಚ್ಚುವಾಗ ರಕ್ತ ಬೆರೆತರೆ ರಕ್ತದಲ್ಲಿದ್ದ ಕ್ಯಾನ್ಸರ್ ಕಣ ಆ ನೀರಿಗೆ ಸೇರಿಕೊಳ್ಳುತ್ತದೆ.

ಎಎಲ್ಎಲ್ ಇರುವ ಮಗುವಿಗೆ ಕಾಯಿಲೆಯಿಂದಲೇ ಮುಖದ ನರ ಸೋತಿದ್ದರೆ, ಬೆನ್ನಿನ ನೀರು ಶುದ್ಧವಾಗಿ ಕಂಡರೂ ಮೆದುಳಿನ ಭಾಗಕ್ಕೆ ಕಾಯಿಲೆ ಹಬ್ಬಿದೆ ಎಂದೇ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಅಂದರೆ ಆ ಸೊಟ್ಟ ನಗು ಚಿಕಿತ್ಸೆಯ ದಾರಿಯನ್ನೇ ಬದಲಿಸುತ್ತದೆ.

ಲ್ಯುಕೇಮಿಯಾ ಅಂತಲೇ ಆಯಿತು. ಮುಖ ಸರಿಹೋಗುತ್ತಾ?

ಅನೇಕರಿಗೆ ಹೋಗುತ್ತದೆ. ಕೆಲವರಿಗೆ ಕೀಮೋ ಶುರುವಾದ ಕೆಲವೇ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳು ಹಿಡಿದು. ಒಂದಿಷ್ಟು ಮಂದಿಗೆ ಸ್ವಲ್ಪ ಎಳೆತ ಉಳಿದುಬಿಡುತ್ತದೆ. ನರ ಎಷ್ಟು ಕಾಲ ಹಿಂಡಿಸಿಕೊಂಡಿತ್ತು ಅನ್ನುವುದರ ಮೇಲೆ ಅದು ನಿಂತಿದೆ.

ಚಿಕಿತ್ಸೆ ಮುಖಕ್ಕಲ್ಲ, ಲ್ಯುಕೇಮಿಯಾಗೆ. ರಕ್ತಕ್ಕೆ ಕೊಡುವ ಔಷಧಿಗಳಲ್ಲಿ ಹಲವು ಮೆದುಳಿನ ಕಡೆಗೆ ಸರಿಯಾಗಿ ಹೋಗುವುದಿಲ್ಲ. ಅದಕ್ಕೇ ಮೆಥೋಟ್ರೆಕ್ಸೇಟ್‌ನಂಥ ಔಷಧಿಯನ್ನು ಬೆನ್ನಿನ ಮೂಲಕ ನೇರವಾಗಿ ಆ ನೀರಿಗೇ ಕೊಡುತ್ತಾರೆ. ಮಕ್ಕಳ ಎಎಲ್ಎಲ್ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಉದ್ದದ ದಾರಿ ಹೌದು, ಆದರೆ ಒಳ್ಳೆಯ ಸೌಲಭ್ಯವಿರುವ ಕಡೆಗಳಲ್ಲಿ ಈಗ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ.

ಚಿಕಿತ್ಸೆ ನಡೆಯುತ್ತಿರುವಾಗ ಮುಖ ಸೊಟ್ಟಗಾದರೆ?

ಅದೇ ದಿನ ನಿಮ್ಮ ಕ್ಯಾನ್ಸರ್ ತಂಡಕ್ಕೆ ತಿಳಿಸಿ. ವಿನ್‌ಕ್ರಿಸ್ಟಿನ್ ಅನ್ನುವ ಔಷಧಿಯೇ ನರಗಳನ್ನು ಸೋಲಿಸಬಹುದು, ಅದು ನಿಧಾನವಾಗಿ ಸರಿಹೋಗುತ್ತದೆ. ಮೈಯಲ್ಲಿ ಅಡಗಿದ್ದ ಚಿಕನ್‌ಪಾಕ್ಸ್ ವೈರಸ್ ಮತ್ತೆ ಎದ್ದಿರಬಹುದು, ಆಗ ಕಿವಿಯ ಮೇಲೆ ಅಥವಾ ಒಳಗೆ ಗುಳ್ಳೆಗಳು ಕಾಣುತ್ತವೆ. ಅಥವಾ ಕಾಯಿಲೆಯೇ ಮರಳಿರಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮುಗಿದು ವರ್ಷಗಳಾದ ಮೇಲೆ ಹೀಗಾದರೂ, ಮೊದಲು ಲ್ಯುಕೇಮಿಯಾ ಆಗಿತ್ತು ಅನ್ನುವುದನ್ನು ಹೊಸ ವೈದ್ಯರಿಗೆ ತಪ್ಪದೆ ಹೇಳಿ.

ಕಣ್ಣು ಮುಚ್ಚುತ್ತಿಲ್ಲ. ಏನು ಮಾಡಲಿ?

ಕಾರಣ ಏನೇ ಇರಲಿ, ಇದು ಇವತ್ತಿನಿಂದಲೇ ಮಾಡುವ ಕೆಲಸ. ಮುಚ್ಚದ ಕಣ್ಣು ಒಣಗಿ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಮುಖ ವಾಸಿಯಾದರೂ ದೃಷ್ಟಿ ವಾಪಸ್ ಬರದೇ ಇರಬಹುದು. ಹಗಲು ಕಣ್ಣೀರಿನಂಥ ಡ್ರಾಪ್ಸ್ ಆಗಾಗ ಹಾಕಿ. ರಾತ್ರಿ ಮುಲಾಮು ಹಾಕಿ, ಮೇಲಿನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಇಳಿಸಿ, ಪೂರ್ತಿ ಮುಚ್ಚಿದ ಮೇಲೆ ಅಡ್ಡಲಾಗಿ ಟೇಪ್ ಅಂಟಿಸಿ. ತೆರೆದ ಕಣ್ಣಿನ ಮೇಲೆ ಹತ್ತಿಯಿಟ್ಟು ಕಟ್ಟಬೇಡಿ, ಕಪ್ಪುಗುಡ್ಡೆಗೆ ಉಜ್ಜುತ್ತದೆ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಮಂಜಾಗಿದ್ದರೆ ಕಣ್ಣಿನ ವೈದ್ಯರನ್ನು ಅದೇ ದಿನ ನೋಡಿ.

ಮಸಾಜ್, ಕರೆಂಟ್ ಕೊಡಿಸುವುದು?

ಮೆಲ್ಲನೆ ಮಸಾಜ್ ಮಾಡಿದರೆ ತೊಂದರೆಯಿಲ್ಲ. ಕರೆಂಟ್ ಕೊಡಿಸುವುದರಿಂದ ಪ್ರಯೋಜನ ಇದೆ ಅನ್ನಲು ಗಟ್ಟಿ ಆಧಾರ ಇಲ್ಲ. ಕಾರಣ ಗೊತ್ತಾಗುವ ಮೊದಲೇ ಇವುಗಳಲ್ಲಿ ತಿಂಗಳು ಕಳೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ವೈದ್ಯರ ಹತ್ತಿರ ಇದನ್ನೆಲ್ಲ ಹೇಗೆ ಕೇಳುವುದು? ತಪ್ಪು ತಿಳಿದುಕೊಳ್ಳುತ್ತಾರೆ ಅಂತ ಮುಜುಗರ.

ಕ್ಯಾನ್ಸರ್ ಅನ್ನುವ ಪದ ಎತ್ತಬೇಕಾಗಿಲ್ಲ. "ಡಾಕ್ಟ್ರೇ, ಸ್ಟೀರಾಯ್ಡ್ ಶುರು ಮಾಡೋ ಮೊದಲು ಒಂದು ಸಿಬಿಸಿ, ಸ್ಮಿಯರ್ ಮಾಡಿಸಬಹುದಾ?" ಅಂದರೆ ಸಾಕು. ಯಾಕೆ ಕೇಳುತ್ತಿದ್ದೀರಿ ಅಂತ ಅವರಿಗೆ ಅರ್ಥವಾಗುತ್ತದೆ. ಮಗುವಿನ ಮೈಮೇಲೆ ಕಂಡ ಕಲೆಗಳನ್ನು, ಜ್ವರ ಬಂದ ತಾರೀಕುಗಳನ್ನು ಫೋನಿನಲ್ಲಿ ಬರೆದುಕೊಂಡು ಹೋಗಿ. ಮುಖ ಮೊದಲ ದಿನ ಹೇಗಿತ್ತು ಅಂತ ಒಂದು ಸಣ್ಣ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು: ಹುಬ್ಬು ಏರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ. ಮೂರು ವಾರದ ನಂತರ ಅದೇ ಮೂರನ್ನು ಮತ್ತೆ ಮಾಡಿಸಿ ವಿಡಿಯೋ ತೆಗೆದರೆ, ಸುಧಾರಿಸಿದೆಯೋ ಇಲ್ಲವೋ ಅಂತ ಯಾರನ್ನೂ ಕೇಳಬೇಕಾಗಿಲ್ಲ.